ಮುಪ್ಪಿನ ಬಣ್ಣ ಬಳಿದ ಭೂತಗಳು

ಅಕ್ಟೋಬರ್ 31ರ ರಾತ್ರಿಯನ್ನು ಭೂತಪ್ರೇತಗಳ ವಿನೋದಕ್ಕೆಂದು ಮೀಸಲಿರಿಸಿದ ಪಾಶ್ಚಾತ್ಯರು, ಅವರಲ್ಲಿಯೂ ವಿಶೇಷವಾಗಿ ಅಮೆರಿಕದವರು, ಆ ಹ್ಯಾಲೊವೀನ್ ಹಬ್ಬದ ನಿಮಿತ್ತವಾಗಿ ರಬ್ಬರಿನ ಅಚ್ಚುಗಳನ್ನೂ ಬಗೆಬಗೆಯ ಶಾಯಿಗಳನ್ನೂ ಮುಂದಿಟ್ಟುಕೊಂಡು, ಅವುಗಳ ಜೊತೆಗೆ ಬಟ್ಟೆಯ ಚೂರು, ತಗಡಿನ ತುಣುಕು, ನೂಲು, ಅಂಟುಲೇಪಗಳನ್ನು ಕೂಡಿಸಿ, ಭಯಾನಕವಾದ ಕಾಗದದ ಕೃತಿಗಳನ್ನು ಮನೆಯಲ್ಲಿಯೇ ನಿರ್ಮಿಸುವ ಒಂದು ಕಸುಬನ್ನು ಬೆಳೆಸಿಕೊಂಡು ಬಂದಿರುವರು. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಾದರೋ ಆ ರಾತ್ರಿಗೆ ಬೇರೆಯೇ ಕೆಲಸವುಂಟು. ಬೆಳಗಾದರೆ ರಾಜ್ಯೋತ್ಸವವಾದುದರಿಂದ ಶಾಲೆಗಳ ಅಂಗಳದಲ್ಲಿ ಹಳದಿ-ಕೆಂಪು ಕಾಗದದ ಪರಪರಿ ಕಟ್ಟುವ ಗಡಿಬಿಡಿಯೇ ಹೊರತು ಮಾಟಗಾತಿಯರಿಗೆ ಅಲ್ಲಿ ಅವಕಾಶವಿಲ್ಲ. ಹಾಗಿದ್ದರೂ ಈ ಕಸುಬಿನ ಗುಣದೋಷಗಳನ್ನು ವಿವೇಚಿಸುವ ಅಧಿಕಾರ ಈ ಸೀಮೆಯವರಿಗಿಲ್ಲವೆನ್ನಲಾಗದು. ಭಯವನ್ನು ಕೈಯಾರೆ ರೂಪಿಸಿ, ಕೆಲವು ದಿನ ಅದನ್ನು ಆಡಿಸಿ, ಕಡೆಗೆ ತಾವೇ ಅದನ್ನು ಕೊನೆಗಾಣಿಸುವ ವಿದ್ಯೆಯಲ್ಲಿ ನಮ್ಮವರು ತಲೆಮಾರುಗಳಿಂದ ಪಳಗಿದವರು.

ಕಸುಬಿನ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಐರ್ಲೆಂಡಿನ ಹಳ್ಳಿಗರು ಟರ್ನಿಪ್ ಗಡ್ಡೆಯನ್ನು ಕೊರೆದು, ಕಣ್ಣು ಬಾಯಿ ತೆರೆದು, ಒಳಗೆ ದೀಪವಿಡುತ್ತಿದ್ದರು; ಅವರು ವಲಸೆ ಹೋದ ಅಮೆರಿಕದಲ್ಲಿ ಆ ಗಡ್ಡೆಯ ಸ್ಥಾನವನ್ನು ಕುಂಬಳಕಾಯಿ ಪಡೆಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ಹಬ್ಬದ ಅಂಚೆ ಕಾರ್ಡುಗಳು ವಿಪುಲವಾಗಿ ಮಾರಾಟವಾದುವು, ಅವುಗಳಲ್ಲಿ ಎಷ್ಟೋ ಜರ್ಮನಿಯಲ್ಲಿ ಮುದ್ರಿತವಾಗಿ ಬಂದವು. 1909ರಲ್ಲಿ ಡೆನಿಸನ್ ಎಂಬ ಕಾಗದದ ಕಂಪನಿಯು, ತಾನು ಮಾರುತ್ತಿದ್ದ ಕ್ರೇಪ್ ಕಾಗದದಿಂದ ಹಬ್ಬದ ಅಲಂಕಾರಗಳನ್ನು ಮಾಡುವುದು ಹೇಗೆಂದು ತಿಳಿಸುವ ‘ಬೋಗಿ ಬುಕ್’ ಎಂಬ ಪುಸ್ತಿಕೆಯನ್ನು ಹೊರತಂದಿತು. ಕಾಗದ ಮಾರುವವರೇ ಭೂತವನ್ನು ಕತ್ತರಿಸುವ ಕ್ರಮವನ್ನೂ ಕಲಿಸಿಕೊಟ್ಟರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಕಸುಬಿಗೆ ಹುಟ್ಟಿನಿಂದಲೇ ಬಂದ ಆ ಅಂಗಡಿಯ ಲಕ್ಷಣ ಇಂದಿಗೂ ಅದನ್ನು ಬಿಟ್ಟುಹೋಗಿಲ್ಲ.

ಇನ್ನು ಅದರ ಗುಣವನ್ನು ಹೇಳುವುದಾದರೆ, ಪ್ರಾಣವೆಲ್ಲ ಇರುವುದು ಶಾಯಿಯಲ್ಲಿ. ನೀರಿನಲ್ಲಿ ಕರಗುವ ರಂಗಿನ ಶಾಯಿ ಕಾಗದದ ನಾರಿನೊಳಕ್ಕೆ ಇಳಿದುಹೋಗುವುದು. ವರ್ಣದ ಕಣಗಳುಳ್ಳ ಪಿಗ್ಮೆಂಟ್ ಶಾಯಿ ಕಾಗದದ ಮೇಲೆಯೇ ಕುಳಿತು ಸಾವಕಾಶವಾಗಿ ಒಣಗುವುದು. ಈ ಎರಡು ಸ್ವಭಾವಗಳ ಪರಸ್ಪರ ವಿರೋಧವನ್ನೇ ಕುಶಲರಾದ ಕಸುಬುದಾರರು ತಮ್ಮ ಬಂಡವಾಳವಾಗಿ ಮಾಡಿಕೊಂಡಿರುವರು. ಟಿಮ್ ಹೋಲ್ಟ್ಸ್ ಎಂಬ ಅಮೆರಿಕದ ಕಲಾವಿದನ ಹೆಸರಿನಲ್ಲಿ ರೇಂಜರ್ ಕಂಪನಿ ತಯಾರಿಸುವ ‘ಡಿಸ್ಟ್ರೆಸ್’ ಶಾಯಿಯನ್ನು ಉದಾಹರಣೆಗೆ ತೆಗೆದುಕೊಳ್ಳಿರಿ: ಅದು ಬೇಗನೆ ಒಣಗದು, ನೀರು ತಾಗಿದೊಡನೆಯೇ ಹರಿದಾಡುವುದು, ಶಾಯಿಯ ದಿಂಡನ್ನು ಗಾಜಿನ ಮೇಲೆ ಉಜ್ಜಿ, ನೀರು ಚಿಮುಕಿಸಿ, ಆ ಕೆಸರಿನ ಮೇಲೆ ದಪ್ಪನೆಯ ಜಲವರ್ಣದ ಕಾಗದವನ್ನು ಎಳೆದರೆ, ಹಸಿರು ಊದಾಗಳೊಡನೆ ಬೆರೆತು ನಡುವೆ ತುಕ್ಕಿನ ಛಾಯೆಯೊಂದು ತಾನಾಗಿ ಹುಟ್ಟಿ, ಪಾಳುಬಿದ್ದ ಮನೆಯ ಹಿಂದಣ ಆಕಾಶವು ಯಾವ ಕುಂಚದ ನೆರವೂ ಇಲ್ಲದೆ ಸಿದ್ಧವಾಗುವುದು. ಆಮೇಲೆ ನಿಧಾನವಾಗಿ ಒಣಗುವ ಶಾಯಿಯಿಂದ ಜೇಡರಬಲೆಯ ಅಚ್ಚನ್ನೊತ್ತಿ, ಅದು ಹಸಿಯಾಗಿರುವಾಗಲೇ ಬಿಳಿಯ ಎಂಬಾಸಿಂಗ್ ಪುಡಿಯನ್ನು ಉದುರಿಸಿ, ಬಿಸಿಗಾಳಿಯ ಯಂತ್ರವನ್ನು ಹಿಡಿದರೆ, ಪುಡಿ ಕರಗಿ ಉಬ್ಬಿದ ಗೆರೆಯಾಗುವುದು. ಅದರ ಮೇಲೆ ಎಷ್ಟು ಬಣ್ಣ ಹರಿಸಿದರೂ ಆ ಗೆರೆಗೆ ಬಣ್ಣ ಹತ್ತದು. ಕತ್ತಲೆಯ ನಡುವೆ ಬಲೆಯೊಂದೇ ಬೆಳ್ಳಗೆ ನಿಲ್ಲುವುದು. ಇದನ್ನು ಕಣ್ಣಾರೆ ಕಂಡವನು ಕಸುಬನ್ನು ಸುಮ್ಮನೆ ಮಕ್ಕಳಾಟವೆಂದು ತಳ್ಳಿಹಾಕಲಾರನು. ಮಾಡುವವನ ಸಂಕಲ್ಪವನ್ನು ಮೀರಿ ಶಾಯಿಯು ತನ್ನ ದಾರಿಯನ್ನು ತಾನೇ ಹಿಡಿಯುವ ಆ ಕ್ಷಣದಲ್ಲಿ ಒಂದಿಷ್ಟು ನಿಜವಾದ ಭಯವಿದೆ, ಮತ್ತು ಅದು ಕಲೆಗೆ ಸಹಜವಾದ ಭಯ.

ನನ್ನ ತಕರಾರು ಮೊದಲಾಗುವುದು ಇದರ ಮುಂದೆ. ಈ ಕೃತಿಗಳ ವಸ್ತುವೆಲ್ಲ ಜೀರ್ಣತೆ: ಬಿರುಕುಬಿಟ್ಟ ಗೋಡೆ, ತುಕ್ಕುಹಿಡಿದ ಕೀಲಿ, ಹಳದಿಗಟ್ಟಿದ ಔಷಧದ ಚೀಟಿ, ಕೊಳೆತ ಶವಪೆಟ್ಟಿಗೆ. ಆದರೆ ಆ ಜೀರ್ಣತೆಯನ್ನು ಚಿತ್ರಿಸುವುದಕ್ಕೆ ಕೊಳ್ಳುವ ಕಾಗದ ಆಮ್ಲರಹಿತವಾದುದು, ಅಂದರೆ ಹಳದಿಗಟ್ಟದಂತೆ ಸಂಸ್ಕರಿಸಿದುದು. ಮೇಲೊತ್ತುವ ಕಪ್ಪು ಶಾಯಿ ಬಹುಕಾಲ ಮಾಸದೆಂಬ ಭರವಸೆಯಿಂದ ಮಾರಲ್ಪಡುವಂತಹುದು. ಎಲ್ಲವೂ ಮುಗಿದ ಮೇಲೆ ಒಂದು ಪದರ ವಾರ್ನಿಶು. ಹಬ್ಬ ಕಳೆದೊಡನೆ ಮುಂದಿನ ವರ್ಷಕ್ಕೆಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಭದ್ರತೆ. ಮುಪ್ಪು ಬಾರದ ಕಾಗದವನ್ನು ಹಣ ಕೊಟ್ಟು ತಂದು ಅದಕ್ಕೆ ಮುಪ್ಪಿನ ಬಣ್ಣ ಬಳಿಯುವ ಈ ವ್ಯಾಪಾರವು, ಮೃತ್ಯುವಿನ ಹಬ್ಬವನ್ನಾಚರಿಸುತ್ತ ಮೃತ್ಯುವನ್ನು ಬಾಗಿಲ ಹೊರಗೇ ನಿಲ್ಲಿಸುವ ಉಪಾಯವಾಗಿ ನನಗೆ ತೋರುತ್ತದೆ. ಬ್ಯಾಡಗಿಯ ಹಳೆಯ ದಲಾಲಿ ಅಂಗಡಿಯ ಕಪಾಟಿನಲ್ಲಿ ಮೆಣಸಿನಕಾಯಿಯ ಧೂಳು ಕುಡಿದು ಕಂದಿದ ಕಿರ್ದಿ ಪುಸ್ತಕವೊಂದು ಯಾವ ಶಾಯಿಯ ಹಂಗೂ ಇಲ್ಲದೆ ಸಂಪಾದಿಸಿಕೊಂಡಿರುವ ಬಣ್ಣವನ್ನು ಈ ಕಾರ್ಡುಗಳು ದೂರದಿಂದ ಅಣಕಿಸಬಲ್ಲವೇ ವಿನಾ ಮುಟ್ಟಲಾರವು.

ನಮ್ಮ ಜೋಕುಮಾರನನ್ನು ಇದರ ಪಕ್ಕದಲ್ಲಿರಿಸಿ ನೋಡಿದರೆ ಭೇದ ಸ್ಪಷ್ಟವಾಗುವುದು. ಗಣಪತಿ ಬಂದುಹೋದ ಬೆನ್ನಿಗೆ, ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಯ ರಾತ್ರಿ ಸಾಯುವ ಈ ಮಣ್ಣಿನ ಪುತ್ಥಳಿಯನ್ನು ಅಂಬಿಗರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳ್ಳಿರಿಸಿ, ಮನೆಮನೆಗೆ ಹೊತ್ತು ತಂದು, ಅವನ ಜನನ ಮರಣಗಳ ಹಾಡು ಹೇಳುವರು. ತೆರೆದ ಬಾಯಿ, ಬೆಣ್ಣೆ ಸವರಿದ ತುಟಿ, ಬಿಟ್ಟ ಕಣ್ಣು, ಶಿಷ್ಟರು ನೋಡಿ ತಲೆ ತಗ್ಗಿಸುವಂತಹ ಅವಯವಗಳು: ಸುಂದರನೆಂದು ಅವನನ್ನು ಯಾರೂ ಹೇಳರು. ಮೊರದಲ್ಲಿ ಕಾಳು ನೀಡಿದ ಗೃಹಿಣಿಗೆ ಅವರಿಂದ ಬರುವ ಪ್ರಸಾದ ಬೇವಿನ ಎಲೆ, ಕಾಡಿಗೆ, ಹೊಲಕ್ಕೆ ಚರಗ ಚೆಲ್ಲುವ ಅಂಬಲಿ. ಏಳು ದಿನ ಹೀಗೆ ಊರಾಡಿದವನನ್ನು ಹುಣ್ಣಿಮೆಯ ರಾತ್ರಿ ಒನಕೆಯಿಂದ ಬಡಿದು ಕೊಲ್ಲುವರು. ಸತ್ತವನ ನರಳಾಟ ಕೇಳಿಸೀತೆಂದು ಅಗಸರು ಮೂರು ದಿನ ಹಳ್ಳದ ಕಡೆ ಹೋಗಬಾರದೆಂಬ ಕಟ್ಟಳೆಯೂ ಅನೇಕ ಊರುಗಳಲ್ಲುಂಟು. ಚಂದ್ರಶೇಖರ ಕಂಬಾರರು 1972ರಲ್ಲಿ ಇವನನ್ನು ‘ಜೋಕುಮಾರಸ್ವಾಮಿ’ ನಾಟಕದ ಮೂಲಕ ರಂಗಭೂಮಿಗೆ ಕರೆತಂದ ಮೇಲೆ ನಗರದವರಿಗೂ ಅವನ ಪರಿಚಯವಾಯಿತು. ಆದರೆ ಹಳ್ಳದ ಕಲ್ಲಿನ ಬಳಿ ಹೋಗಲಂಜುವ ಆ ಮೂರು ದಿನಗಳ ಮೌನ ಹಳ್ಳಿಯ ಸೊತ್ತಾಗಿಯೇ ಉಳಿಯಿತು. ಮಣ್ಣಿನ ಮುದ್ದೆಯೊಂದು ಅಂತಹ ಮೌನವನ್ನು ಹುಟ್ಟಿಸಿದುದಕ್ಕೆ ಕಾರಣ ಅದರ ಶಿಲ್ಪಚಾತುರ್ಯವಲ್ಲ. ಅದು ನಿಜವಾಗಿಯೂ ಸಾಯುವುದು, ಅದೇ ಕಾರಣ.

ಇತರ ನಿದರ್ಶನಗಳೂ ಇದಕ್ಕೆ ಸಾಕ್ಷಿ ನುಡಿಯುವುವು. ಹೊಸ ಮನೆಯ ಮುಂದೆ ಕಣ್ಣು ಮೀಸೆ ಬರೆದು ತೂಗಹಾಕಿದ ಬೂದುಗುಂಬಳ, ಐರ್ಲೆಂಡಿನ ಆ ಗಡ್ಡೆಯ ದೀಪಕ್ಕೆ ದಾಯಾದಿಯೆನ್ನಬಹುದಾದುದು, ಬಿಸಿಲಿಗೆ ಬಾಡಿ ಕೊಳೆತು ತೊಟ್ಟು ಕಳಚುವವರೆಗೆ ಮಾತ್ರ ಕಾವಲು ಕಾಯುವುದು; ಆಯುಧಪೂಜೆಯ ದಿನ ಅಂಗಡಿಯ ಮುಂದೆ ಕುಂಕುಮ ತುಂಬಿ ಒಡೆಯುವ ಕಾಯಿಗೆ ಆಯುಷ್ಯ ಇನ್ನೂ ಕಡಿಮೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಕದಗಳ ಮೇಲೆ, ರಾತ್ರಿ ಬಂದು ಹೆಸರು ಹಿಡಿದು ಕೂಗುವ ಹೆಣ್ಣುಭೂತವೊಂದನ್ನು ಹಿಂದಕ್ಕೆ ಕಳುಹಿಸುವುದಕ್ಕಾಗಿ ಸುಣ್ಣದಕಡ್ಡಿಯಿಂದ ‘ನಾಳೆ ಬಾ’ ಎಂದು ಬರೆದುದನ್ನು ಈಗ ನಡುವಯಸ್ಸಿನವರೆಲ್ಲ ಬಲ್ಲರು. ಓದು ಬಲ್ಲ ಭೂತವೆಂದು ನಂಬಿ ಬರೆದ ಆ ಬರಹ, ಮಳೆ ಬಂದರೆ ಅಳಿದು ಮತ್ತೆ ಬರೆಯಬೇಕಾಗುತ್ತಿದ್ದ ಆ ಬರಹ, ನನ್ನ ದೃಷ್ಟಿಯಲ್ಲಿ ಎಂತಹ ಎಂಬಾಸಿಂಗ್ ಕಾರ್ಡಿಗೂ ಕಡಿಮೆಯದಲ್ಲ. ಇನ್ನು ರಾಣೆಬೆನ್ನೂರಿನ ಹೋಳಿಯಲ್ಲಿ ಗೊಂಬೆಗಳ ಬದಲು ಜೀವಂತ ಮನುಷ್ಯರೇ ಕಾಮ-ರತಿಯರ ವೇಷ ಧರಿಸಿ ಕುಳಿತುಕೊಳ್ಳುವರು. ನೆರೆದ ಜನ ನಾನಾ ಚೇಷ್ಟೆಗಳಿಂದ ಅವರನ್ನು ನಗಿಸಲು ಹೆಣಗುವರು. ಅವರೋ ತುಟಿ ಸಡಿಲಿಸರು. ಹಾಸ್ಯದ ನಡುವೆ ಅಲುಗದೆ ಕುಳಿತ ಆ ಮುಖದಲ್ಲಿ ಸುಡಲ್ಪಡಲಿರುವ ಕಾಮನ ಗಾಂಭೀರ್ಯವಿದೆ. ಹ್ಯಾಲೊವೀನಿನ ಕಾಗದದ ಭೂತವನ್ನು ನಗಿಸುವ ಶ್ರಮವೇ ಬೇಕಿಲ್ಲ. ಅದು ಅಂಗಡಿಯಿಂದ ನಗುತ್ತಲೇ ಬಂದಿರುವುದು.

ಅದು ನಗುತ್ತ ಬರುವುದಕ್ಕೆ ಹೊಣೆ ಅಚ್ಚಿನದು. ಒಂದೇ ಕಾರ್ಖಾನೆಯಲ್ಲಿ ಎರಕಗೊಂಡ ಒಂದೇ ತಲೆಬುರುಡೆ, ಒಂದೇ ಕಾಗೆ, ಒಂದೇ ಮುರುಕು ಮನೆ ಸಾವಿರಾರು ಮೇಜುಗಳ ಮೇಲೆ ಒತ್ತಿಸಿಕೊಳ್ಳುವಾಗ, ಹಿನ್ನೆಲೆಯ ಶಾಯಿ ಎಷ್ಟೇ ಸ್ವತಂತ್ರವಾಗಿ ಹರಿದರೂ ಮುನ್ನೆಲೆಯ ಭಯ ಪರಾಧೀನವಾಗುವುದು. ಅಚ್ಚೆಂಬ ಸಾಧನವೇ ದೋಷಯುಕ್ತವೆಂದು ನಾನು ಹೇಳುತ್ತಿಲ್ಲ. ಮೆಕ್ಸಿಕೋದ ಹೊಸೆ ಗ್ವಾದಲೂಪೆ ಪೊಸಾದಾ (1852–1913) ಜನಸಾಮಾನ್ಯರ ಅಗ್ಗದ ಹಾಳೆಗಳಿಗಾಗಿ ಮಾಡಿದ ಅಸ್ಥಿಪಂಜರಗಳೂ ಮುದ್ರಿತ ಚಿತ್ರಗಳೇ. ಆದರೆ ಆ ಪಡಿಯಚ್ಚುಗಳನ್ನು ಅವನೇ ಕೊರೆದನು. ಯಾವ ಶ್ರೀಮಂತಳ ಟೋಪಿಯನ್ನು ಯಾವ ಬುರುಡೆಯ ಮೇಲಿಡಬೇಕೆಂಬ ನಿರ್ಣಯ ಅವನದಾಗಿತ್ತು. ಇನ್ನು ಬಣ್ಣದ ಮಾತಿಗೆ ಬಂದರೆ, ಭರತಮುನಿಯು ಭಯಾನಕ ರಸಕ್ಕೆ ಕೃಷ್ಣವರ್ಣವನ್ನೂ, ಬೀಭತ್ಸಕ್ಕೆ ನೀಲವನ್ನೂ, ಅದ್ಭುತಕ್ಕೆ ಪೀತವನ್ನೂ ವಿಧಿಸಿರುವನಷ್ಟೆ. ಹ್ಯಾಲೊವೀನಿನ ಕಾರ್ಡುಗಳಲ್ಲಿ ಕಪ್ಪು ಧಾರಾಳವಾಗಿದ್ದರೂ, ಕಿತ್ತಳೆ ಹಸಿರು ಊದಾಗಳ ಸಂತೆಯಲ್ಲಿ ಅದು ಗೆರೆಯ ಕೆಲಸಕ್ಕೆ ಇಳಿದುಹೋಗಿ, ನೋಡುವವನ ಮನಸ್ಸಿನಲ್ಲಿ ಉಳಿಯುವುದು ಅಲ್ಪಸ್ವಲ್ಪ ಅದ್ಭುತ, ಬಹುಪಾಲು ಹಾಸ್ಯ. ಹಾಸ್ಯವೇ ಉದ್ದೇಶವಾದರೆ ಆಕ್ಷೇಪಣೆಯಿಲ್ಲ. ಭಯಾನಕವೆಂದು ಹೇಳಿಕೊಂಡು ಬಂದರೆ ಒಪ್ಪಲಾಗದು.

ಹಾಗಾದರೆ ಈ ಕಸುಬಿನಿಂದ ನಮಗೆ ಪ್ರಯೋಜನವಿಲ್ಲವೆ? ಉಂಟು, ಮತ್ತು ಅದಕ್ಕೆ ಬೇಕಾದ ಸಾಮಗ್ರಿ ಈ ಮೂರು ಊರುಗಳ ಪೇಟೆಯಲ್ಲಿಯೇ ದೊರೆಯುವುದು. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಊದಾ ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ ಹೂವು ಮೂಡಿಸುವುದನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೇ ಕಲಿತಿರುವರು. ಅಳಿಸುವ ರಬ್ಬರನ್ನು ಬ್ಲೇಡಿನಿಂದ ಕೊರೆದರೆ ಜೋಕುಮಾರನ ಬಾಯಿಯೂ ಮೂಡೀತು. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಮೇಲೆ ಸುಣ್ಣದ ತಿಳಿಯನ್ನು ಕುಂಚದಿಂದ ತಾಗಿಸಿದೊಡನೆ ಹಳದಿ ಕೆಂಪಾಗುವುದು, ಲಿಂಬೆಯ ರಸ ತಾಗಿದರೆ ಮರಳಿ ಹಳದಿಯಾಗುವುದು; ಆರತಿಯ ತಟ್ಟೆಯಲ್ಲಿ ನಮ್ಮ ಅವ್ವಂದಿರು ದಿನವೂ ಬಲ್ಲ ಈ ರಸಾಯನಕ್ಕಿಂತ ಹೆಚ್ಚಿನ ಇಂದ್ರಜಾಲ ಯಾವ ಆಮದಿನ ಶಾಯಿಯಲ್ಲಿಯೂ ಇಲ್ಲ. ಅಳಲೆಕಾಯಿಯ ಕಷಾಯಕ್ಕೆ ತುಕ್ಕುಹಿಡಿದ ಮೊಳೆಗಳನ್ನು ನೆನೆಹಾಕಿದ ಹುಳಿನೀರನ್ನು ಬೆರೆಸಿದರೆ ಕಪ್ಪು ಶಾಯಿ ಸಿದ್ಧ. ಬ್ಯಾಡಗಿಯ ಮೆಣಸಿನಕಾಯಿ, 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದುದು, ಖಾರಕ್ಕಿಂತ ಬಣ್ಣಕ್ಕೇ ಹೆಸರಾದುದಾದರೂ ಅದರ ಕೆಂಪು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಮಾತ್ರ ಬಿಡುವುದು. ಆದುದರಿಂದ ಕಾಗದದ ಮೇಲೆ ಅದು ಬೀಳುವಾಗ ಸುತ್ತ ಎಣ್ಣೆಯ ಪರಿವೇಷವೊಂದನ್ನು ಹರಡಿಕೊಂಡೇ ಬೀಳುವುದು. ಅಚ್ಚುಕಟ್ಟನ್ನು ಬಯಸುವವರಿಗೆ ಇದು ದೋಷ, ಭೂತವನ್ನು ಬಯಸುವವರಿಗೆ ವರ.

ಈ ಬಣ್ಣಗಳ ಪರಮ ಗುಣವೆಂದು ನಾನು ಎಣಿಸುವುದು, ಅವು ಬಾಳವು ಎಂಬುದನ್ನೇ. ಅರಿಸಿನವು ಬಿಸಿಲಿಗೆ ಕೆಲವೇ ದಿನಗಳಲ್ಲಿ ಕಂದುವುದು. ಮೆಣಸಿನ ಕೆಂಪೂ ಬೆಳಕಿನಲ್ಲಿ ಸೊರಗುವುದು. ಕಬ್ಬಿಣದ ಕಪ್ಪು ಮಾತ್ರ ನಿಲ್ಲುವುದಾದರೂ ವರ್ಷಗಳು ಉರುಳಿದಂತೆ ತಾನು ಕುಳಿತ ಕಾಗದವನ್ನೇ ತಿಂದು ತೂತುಮಾಡುವುದು. ಇಂತಹ ಶಾಯಿಯಿಂದ ಮಾಡಿದ ಭೂತಕ್ಕೆ ಮುಪ್ಪಿನ ವೇಷ ಹಾಕಬೇಕಾದುದಿಲ್ಲ. ಕಿಟಕಿಯಲ್ಲಿ ತೂಗುಬಿಟ್ಟರೆ ಅದೇ ಮುಪ್ಪಾಗುವುದು, ಮನೆಯವರ ಕಣ್ಣೆದುರಿಗೇ. ದೊಡ್ಡಾಟದ ಪುನರುಜ್ಜೀವನಕ್ಕೆ ಬಾಳು ತೆತ್ತು, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ನನ್ನು ಕಟ್ಟಿದ ಟಿ. ಬಿ. ಸೊಲಬಕ್ಕನವರಂತಹ ಕಲಾವಿದರ ಜಿಲ್ಲೆಯಲ್ಲಿ ಇಷ್ಟು ಪ್ರಯೋಗಕ್ಕೆ ಕೈಗಳು ದೊರೆಯದೆ ಹೋಗಲಾರವು.

ಆದುದರಿಂದ ಹಾವೇರಿ ಜಿಲ್ಲೆಯ ಚಿತ್ರಕಲಾ ಶಿಕ್ಷಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಪರದೆಯ ಮೇಲೆ ಕಂಡ ಆ ಪರದೇಶದ ಕಸುಬಿನಿಂದ ಶಾಯಿಯನ್ನು ಹರಿಯಬಿಡುವ ಧೈರ್ಯವನ್ನು ತೆಗೆದುಕೊಳ್ಳಿರಿ, ಕಾರ್ಖಾನೆಯ ಅಚ್ಚನ್ನು ಅಲ್ಲಿಯೇ ಬಿಡಿರಿ, ಬರುವ ಭಾದ್ರಪದದಲ್ಲಿ ಮಕ್ಕಳ ಕೈಗೆ ಒಂದು ಅಳಿಸುವ ರಬ್ಬರನ್ನೂ ಒಂದು ಬಟ್ಟಲು ಅರಿಸಿನವನ್ನೂ ಕೊಡಿರಿ. ಬ್ಲೇಡನ್ನು ಮಾತ್ರ ನೀವೇ ಹಿಡಿಯಬೇಕು. ಸುಣ್ಣದ ತಿಳಿ ಕಣ್ಣಿಗೆ ಬಿದ್ದರೆ ಅಪಾಯವಾದುದರಿಂದ ಅದನ್ನೂ ದೊಡ್ಡವರೇ ಹಚ್ಚತಕ್ಕದ್ದು.