ಬುರ್ಖಾ ಬೇರೆ, ಬಂದ್ ಆದ ಬಾಗಿಲು ಬೇರೆ

ಹಿಜಾಬ್ ಚರ್ಚೆ ಶುರುವಾದರೆ ಸಾಕು, ಯಾರಾದರೂ ಬೇಗಂ ರೊಕೆಯಾ ಸಖಾವತ್ ಹುಸೇನ್ ಹೆಸರು ತೆಗೆಯುತ್ತಾರೆ. ಪರದೆಯ ವಿರುದ್ಧ ಬರೆದವರು ಅಂತ ಹೊಗಳುವವರಿದ್ದಾರೆ, ಅದೇ ಕಾರಣಕ್ಕೆ ದೂರ ಇಡುವವರೂ ಇದ್ದಾರೆ. ಇಬ್ಬರೂ ಅವರನ್ನು ಅರ್ಧ ಮಾತ್ರ ಓದಿದ್ದಾರೆ ಅನ್ನೋದು ನನ್ನ ತಕರಾರು.

1931ರ ‘ಅವರೋಧವಾಸಿನಿ’ಯನ್ನೇ ತೆಗೆದುಕೊಳ್ಳಿ. ಅವರೋಧ ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಗೋಷಾ. ಅದರ ಬಗ್ಗೆ 47 ಪುಟ್ಟ ಪ್ರಸಂಗಗಳು ಇದರಲ್ಲಿವೆ. ಒಂದರಲ್ಲಿ, ಬಿಹಾರದ ಕಿಯುಲ್ ಸ್ಟೇಷನ್ನಿನಲ್ಲಿ ಬುರ್ಖಾ ತೊಡರಿ ಒಬ್ಬ ಹೆಂಗಸು ಹಳಿಯ ಮೇಲೆ ಬೀಳುತ್ತಾರೆ. ಕೂಲಿಗಳು ಎತ್ತಲು ಬಂದರೆ, ಪರಗಂಡಸರು ಮುಟ್ಟಬಾರದೆಂದು ಜೊತೆಗಿದ್ದ ಕೆಲಸದಾಕೆ ತಡೆಯುತ್ತಾಳೆ. ಅವಳೊಬ್ಬಳಿಂದ ಎತ್ತಲಾಗುವುದಿಲ್ಲ. ಕೊನೆಗೆ ರೈಲು ಹೊರಟೇ ಬಿಡುತ್ತದೆ.

ತಪ್ಪೆಲ್ಲ ಬಟ್ಟೆಯದೇ ಅಂತ ನಿಮಗನಿಸಬಹುದು. ಆದರೆ ‘ಮೋತಿಚೂರ್’ ಸಂಗ್ರಹದ ‘ಬೋರ್ಕಾ’ ಪ್ರಬಂಧದಲ್ಲಿ ಇದೇ ರೊಕೆಯಾ, ಬುರ್ಖಾ ಮುನ್ನಡೆಗೆ ಅಡ್ಡಿಯಾಗಬೇಕಿಲ್ಲ ಎಂದು ವಾದಿಸುತ್ತಾರೆ. ಆ ಹೆಂಗಸನ್ನು ಕೊಂದದ್ದು ಮೈಮೇಲಿನ ಬಟ್ಟೆಯಲ್ಲ, ಜೀವಕ್ಕಿಂತ ಪರದೆ ದೊಡ್ಡದೆಂಬ ಲೆಕ್ಕ.

ಇನ್ನೊಂದು ಪ್ರಸಂಗ ಅವರ ಶಾಲೆಯದೇ. 1911ರಲ್ಲಿ ಕಲ್ಕತ್ತಾದಲ್ಲಿ ಅವರು ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಶಾಲೆಯ ಬಸ್ಸನ್ನು ಗಾಳಿಯಾಡದಂತೆ ಮುಚ್ಚಿದರೆ ಮಕ್ಕಳು ಮೂರ್ಛೆ ಹೋದರು. ಕಿಟಕಿಗೆ ಬರೀ ಪರದೆ ಕಟ್ಟಿದರೆ, ಅದು ಗಾಳಿಗೆ ಹಾರುತ್ತದೆ ಅಂತ ದೂರಿನ ಪತ್ರಗಳು ಬಂದವು. ಆದರೂ ಅವರು ಬಸ್ ನಿಲ್ಲಿಸಲಿಲ್ಲ. ಪರದೆ ಇರಲಿ, ಹುಡುಗಿ ತರಗತಿಗೆ ಬರಲಿ ಅನ್ನೋದು ಅವರ ಹಟ.

ಈಗ 2022ರ ಉಡುಪಿಗೆ ಬನ್ನಿ. ಅಲ್ಲಿ ಈ ಹಟವೇ ತಲೆಕೆಳಗಾಯಿತು: ಮೊದಲು ತಲೆವಸ್ತ್ರ ತೆಗಿ, ಆಮೇಲೆ ಒಳಗೆ ಬಾ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಇಬ್ಭಾಗವಾದಾಗ, ಹುಡುಗಿಯರ ಓದನ್ನು ಮುಂದಿಟ್ಟು ಮಾತಾಡಿದವರು ನ್ಯಾ. ಸುಧಾಂಶು ಧುಲಿಯಾ. ರೊಕೆಯಾಗೆ ಆ ಮಾತು ಹಿಡಿಸುತ್ತಿತ್ತು ಅಂತ ನನ್ನ ನಂಬಿಕೆ.

ಪುಸ್ತಕಕ್ಕೂ ಮಿತಿಗಳಿವೆ. ಅದರಲ್ಲಿ ಬರುವವರು ಬಹುತೇಕ ಉಳ್ಳವರ ಮನೆಯ ಹೆಂಗಸರು. ಹೊಲದಲ್ಲಿ, ಬೀಡಿ ಕಟ್ಟುತ್ತ ದುಡಿದವರು ಕಾಣುವುದಿಲ್ಲ. ಬಂದವರೂ ತಮ್ಮ ಬಾಯಿಂದ ಮಾತಾಡುವುದು ಕಡಿಮೆ. ಇವತ್ತಿನ ಟಿವಿ ಚರ್ಚೆಯದೂ ಇದೇ ರೋಗ ಅಲ್ಲವೇ?

ಗೇಟು ಹಾಕಿದವರನ್ನು ಪ್ರಶ್ನಿಸೋಣ, ಖಂಡಿತ. ಆದರೆ ಹತ್ತನೇ ಕ್ಲಾಸ್ ಮುಗಿದ ಮಗಳಿಗೆ ‘ಓದಿದ್ದು ಸಾಕಮ್ಮಾ’ ಅನ್ನುವ ಮನೆಯೂ ಒಂದು ಗೇಟೇ. ಅವಳು ತಲೆಗೆ ಏನು ಹೊದೆಯಬೇಕು ಅಂತ ನಾವೆಲ್ಲ ಹೇಳಿಯಾಯಿತು. ಮುಂದೆ ಏನು ಓದುತ್ತೀ ಅಂತ ಯಾರಾದರೂ ಕೇಳಿದ್ದೀರಾ?