ಮೊದಲನೆಯ ಗೀತಚಿತ್ರ

ಹಾಡಿಗೆ ಚಲಚ್ಚಿತ್ರವನ್ನು ಜೋಡಿಸಹೊರಟ ಗಾಯಕರು ಮೊದಲ ಯತ್ನದಲ್ಲಿ ತಮ್ಮ ಮುಖವನ್ನು ತೋರಿಸಿಯೇ ತೃಪ್ತರಾಗುವುದುಂಟು. ನಾರ್ವೆಯ ‘ಆ-ಹಾ’ ವೃಂದದವರ ‘ಟೇಕ್ ಆನ್ ಮಿ’ ಗೀತಕ್ಕೆ 1984ರಲ್ಲಿ ತೆಗೆದ ಚಿತ್ರವು ಇಂತಹುದು. ನೀಲಿಯ ಹಿನ್ನೆಲೆಯ ಮುಂದೆ ಮೂವರು ಹಾಡುವರು, ಕಥೆಯೆಂಬುದಿಲ್ಲ. ಕಿವಿಗೆ ದೊರೆತುದಕ್ಕಿಂತ ಹೆಚ್ಚಿನದೇನೂ ಕಣ್ಣಿಗೆ ದೊರೆಯದು.

1985ರಲ್ಲಿ ಸ್ಟೀವ್ ಬ್ಯಾರನ್ನರು ನಿರ್ದೇಶಿಸಿದ ಎರಡನೆಯ ಚಿತ್ರದಲ್ಲಾದರೋ, ಓದುತ್ತ ಕುಳಿತ ತರುಣಿಗೆ ಪುಸ್ತಕದ ಪುಟದಿಂದ ಸೀಸದಕಡ್ಡಿಯ ರೇಖೆಗಳ ಕೈಯೊಂದು ಚಾಚಿ ಬರುವುದು. ಗೀತದ ಸಂಕೋಚಭರಿತವಾದ ಬೇಡಿಕೆಯೇ ಆ ಕೈಯಲ್ಲಿ ಮೂರ್ತಿಗೊಂಡಿದೆ. ಸುಮಾರು 3000 ರೇಖಾಚಿತ್ರಗಳಿಗೆ 16 ವಾರಗಳು ಹಿಡಿದುವು. ಅಕ್ಟೋಬರಿನಲ್ಲಿ ಗೀತವು ಅಮೆರಿಕದ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ಹಾಡನ್ನೂ ಹೊಸದಾಗಿ ಮುದ್ರಿಸಿದ್ದುದರಿಂದ ಗೆಲವೆಲ್ಲವೂ ಚಿತ್ರದ್ದೆನ್ನಲಾಗದು. ಆದರೆ ಭಾವಕ್ಕೆ ರೂಪವು ದೊರೆತಲ್ಲದೆ ಗೀತಚಿತ್ರವು ಕೃತಿಯೆನಿಸದೆಂಬುದು ಸ್ಪಷ್ಟ.