‘ನ್ಯೂ ವರ್ಲ್ಡ್ಸ್’: ಒಂದು ಸಣ್ಣ ಪತ್ರಿಕೆಯ ಸ್ವಾತಂತ್ರ್ಯ ಮತ್ತು ಅದರ ಜಮಾಖರ್ಚು

ಸಾಹಿತ್ಯಚರಿತ್ರೆಯನ್ನು ಬರೆಯುವವರು ನಿಯತಕಾಲಿಕಗಳನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ನೋಡುವುದುಂಟು. ಒಂದು, ಅವುಗಳಲ್ಲಿ ಪ್ರಕಟವಾದ ಕೃತಿಗಳ ಭಂಡಾರವೆಂದು. ಇನ್ನೊಂದು, ಸಂಪಾದಕನ ವ್ಯಕ್ತಿತ್ವದ ವಿಸ್ತಾರವೆಂದು. ಎರಡು ದೃಷ್ಟಿಗಳೂ ಅವಶ್ಯವೇ. ಆದರೆ ಎರಡನ್ನೂ ಕೂಡಿಸಿದರೂ ಪತ್ರಿಕೆಯ ಚರಿತ್ರೆ ಪೂರ್ಣವಾಗದು. ಕಾಗದಕ್ಕೆ ಹಣ ಕೊಟ್ಟವರು ಯಾರು, ಅಚ್ಚಿನ ಸಾಲ ಯಾರ ತಲೆಯ ಮೇಲಿತ್ತು, ಅಚ್ಚಾದ ಪ್ರತಿಯನ್ನು ವಾಚಕನಿಗೆ ಮುಟ್ಟಿಸುವ ಅಥವಾ ಮುಟ್ಟಿಸದಿರುವ ಅಧಿಕಾರ ಯಾರಲ್ಲಿತ್ತು ಎಂಬ ಪ್ರಶ್ನೆಗಳನ್ನು ಕೇಳದೆ, ಪತ್ರಿಕೆಯೊಂದು ಏಕೆ ಆ ರೂಪವನ್ನು ತಾಳಿತು, ಏಕೆ ಆ ವರ್ಷದಲ್ಲಿ ನಿಂತುಹೋಯಿತು ಎಂಬುದನ್ನು ವಿವರಿಸಲು ಸಾಧ್ಯವಿಲ್ಲ. ಈ ಮಾತನ್ನು ಇಂಗ್ಲೆಂಡಿನ ಒಂದು ಸಣ್ಣ ಪತ್ರಿಕೆಯ ನಿದರ್ಶನದಿಂದ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ.

ಆ ಪತ್ರಿಕೆಯ ಹೆಸರು ‘ನ್ಯೂ ವರ್ಲ್ಡ್ಸ್’. ವಿಜ್ಞಾನವನ್ನೂ ಭವಿಷ್ಯತ್ತನ್ನೂ ಆಧಾರವಾಗಿಟ್ಟುಕೊಂಡು ‘ಹೀಗಾದರೆ ಹೇಗೆ?’ ಎಂದು ಊಹಿಸಿ ಬರೆಯುವ ಕಥೆಗಳಿಗೆ ಮೀಸಲಾಗಿದ್ದು, 1964ರ ಅನಂತರ ಅಂಥ ಕಥೆಗಳ ಜೊತೆಗೆ ಕವಿತೆಗೂ ಚಿತ್ರಕಲೆಗೂ ಸ್ಥಾನವನ್ನು ಕೊಟ್ಟ ಪತ್ರಿಕೆ ಇದು. ಇಂಥ ಕಥೆಗಳನ್ನು ನಾವು ಇಲ್ಲಿ ಊಹಾಪ್ರಧಾನ ಕಥೆಗಳೆಂದು ಕರೆಯುತ್ತೇವೆ. ಕಾಲಿನ್ ಗ್ರೀನ್‌ಲ್ಯಾಂಡ್ ಅವರು 1983ರಲ್ಲಿ ‘ದಿ ಎಂಟ್ರೊಪಿ ಎಕ್ಸಿಬಿಷನ್’ ಎಂಬ ಗ್ರಂಥದಲ್ಲಿ ಈ ಪತ್ರಿಕೆಯ ಸಾಹಿತ್ಯವನ್ನು ಕುರಿತು ಸವಿಸ್ತಾರವಾಗಿ ವಿವೇಚಿಸಿದ್ದಾರೆ. ಆದುದರಿಂದ ಸಾಹಿತ್ಯಗುಣವೊಂದನ್ನೇ ಕುರಿತು ಪುನರುಕ್ತಿ ಮಾಡದೆ, ಆ ಗುಣಕ್ಕೂ ಪತ್ರಿಕೆಯ ಜಮಾಖರ್ಚಿಗೂ ಇರುವ ಸಂಬಂಧವನ್ನು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಪತ್ರಿಕೆಯ ಮೂಲ ಬಹು ಸಾಮಾನ್ಯವಾದುದು. 1936ರಲ್ಲಿ ವಿಜ್ಞಾನಕಥೆಗಳ ಅಭಿಮಾನಿಗಳು ತಮ್ಮತಮ್ಮೊಳಗೆ ಹಂಚಿಕೊಳ್ಳುವುದಕ್ಕಾಗಿ ‘ನೋವೆ ಟೆರೆ’ ಎಂಬ ಲ್ಯಾಟಿನ್ ಹೆಸರಿನ ಹಸ್ತಪತ್ರಿಕೆಯೊಂದನ್ನು ಹೊರಡಿಸಿದರು. 1939ರಲ್ಲಿ ಜಾನ್ ಕಾರ್ನೆಲ್ ಅದನ್ನು ವಹಿಸಿಕೊಂಡು ‘ನ್ಯೂ ವರ್ಲ್ಡ್ಸ್’ ಎಂದು ಇಂಗ್ಲಿಷಿನ ಹೆಸರಿಟ್ಟ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ರಕಾಶಕರೊಬ್ಬರ ನೆರವಿನಿಂದ ಅದು ಅಂಗಡಿಯಲ್ಲಿ ಮಾರುವ ಪತ್ರಿಕೆಯಾಯಿತು. ಮೊದಲ ಸಂಚಿಕೆ ಸರಿಯಾಗಿ ಮಾರಾಟವಾಗಲಿಲ್ಲ. ಎರಡನೆಯ ಸಂಚಿಕೆಗೆ ಹೊಸ ಮುಖಚಿತ್ರ ಬರೆಯಿಸಿದಾಗ ಅದು ಚೆನ್ನಾಗಿ ಖರ್ಚಾಯಿತು. ಕೂಡಲೆ ಉಳಿದುಹೋಗಿದ್ದ ಮೊದಲ ಸಂಚಿಕೆಯ ಪ್ರತಿಗಳಿಗೂ ಅದೇ ಮುಖಪುಟವನ್ನು ತೊಡಿಸಿ ಮಾರಿದರು. ಒಳಗಿನ ಕಥೆಗಳು ಅವೇ. ಬದಲಾದುದು ಹೊರಗಿನ ಹಾಳೆ ಮಾತ್ರ. ಪತ್ರಿಕೆ ಏನನ್ನು ಅಚ್ಚುಹಾಕಿತೆಂಬುದು ಬೇರೆ, ಅಂಗಡಿಯ ಮುಂದೆ ಅದು ಹೇಗೆ ಕಂಡಿತೆಂಬುದು ಬೇರೆ ಎಂಬ ಪಾಠವನ್ನು ಕಾರ್ನೆಲ್ ಆರಂಭದಲ್ಲಿಯೇ ಕಲಿತನು.

ಮೂರು ಸಂಚಿಕೆಗಳಾಗುವಷ್ಟರಲ್ಲಿ ಆ ಪ್ರಕಾಶನಸಂಸ್ಥೆ ಮುಚ್ಚಿತು. ಆಗ ಲಂಡನ್ನಿನ ‘ವೈಟ್ ಹಾರ್ಸ್’ ಎಂಬ ಪಾನಗೃಹದಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಲೇಖಕರೂ ವಾಚಕರೂ ತಾವೇ ಬಂಡವಾಳ ಕೂಡಿಸಿ ‘ನೋವಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1949ರಲ್ಲಿ ಪತ್ರಿಕೆ ಪುನಃ ಹೊರಟಿತು. ಈ ಗೋಷ್ಠಿಗೆ ಬರುತ್ತಿದ್ದವರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಒಬ್ಬ, ಆತನ 1957ರ ‘ಟೇಲ್ಸ್ ಫ್ರಮ್ ದಿ ವೈಟ್ ಹಾರ್ಟ್’ ಎಂಬ ಕಥಾಸಂಗ್ರಹಕ್ಕೆ ಈ ಸ್ಥಳವೇ ಪ್ರೇರಣೆ. ಓದುವವರೇ ಒಡೆಯರಾದ ಈ ವ್ಯವಸ್ಥೆ ಬಹುಕಾಲ ನಿಲ್ಲಲಿಲ್ಲ. 1954ರಲ್ಲಿ ಒಡೆತನ ಒಂದು ವ್ಯಾಪಾರಿ ಸಂಸ್ಥೆಗೆ ಹೋಯಿತು. ಆದರೂ ಕಾರ್ನೆಲನೇ ಸಂಪಾದಕನಾಗಿ ಮುಂದುವರಿದನು. 1962ರ ಮೇ ತಿಂಗಳಿನಲ್ಲಿ ಜೆ. ಜಿ. ಬ್ಯಾಲಾರ್ಡನು, ವಿಜ್ಞಾನಕಥೆ ಹೊರಗಿನ ಆಕಾಶವನ್ನು ಬಿಟ್ಟು ಮನುಷ್ಯನ ಒಳಗಿನ ಆಕಾಶದ ಕಡೆ ತಿರುಗಬೇಕೆಂದು ವಾದಿಸಿ ಬರೆದ ಲೇಖನ ಪ್ರಕಟವಾದುದು ಈತನ ಸಂಪಾದಕತ್ವದಲ್ಲಿಯೇ. ಹೊಸ ಪಂಥವೆಲ್ಲವೂ 1964ರ ಅನಂತರ ಏಕಾಏಕಿ ಹುಟ್ಟಿತೆಂದು ಹೇಳುವವರು ಈ ಸಂಗತಿಯನ್ನು ಗಮನಿಸುವುದು ಒಳ್ಳೆಯದು.

1964ರಲ್ಲಿ ಪತ್ರಿಕೆ ನಿಲ್ಲುವ ಸ್ಥಿತಿಗೆ ಬಂದು, ‘ರಾಬರ್ಟ್ಸ್ ಅಂಡ್ ವಿಂಟರ್’ ಎಂಬ ಪ್ರಕಾಶಕರ ಕೈಸೇರಿತು. ಸಂಪಾದಕನಾಗಿ ಬಂದವನು ಇಪ್ಪತ್ತನಾಲ್ಕು ವರ್ಷದ ಮೈಕೆಲ್ ಮೂರ್‌ಕಾಕ್. ದೊಡ್ಡ ಆಕಾರದ, ಒಳ್ಳೆಯ ಕಾಗದದ, ಚಿತ್ರಗಳಿಗೆ ಅವಕಾಶವಿರುವ ಪತ್ರಿಕೆ ಅವನ ಅಪೇಕ್ಷೆಯಾಗಿತ್ತು. ಪ್ರಕಾಶಕರು ಅದಕ್ಕೆ ಒಪ್ಪದೆ, ಜೇಬಿನಲ್ಲಿ ಹಿಡಿಯುವ ಅಗ್ಗದ ಪುಸ್ತಕದ ಆಕಾರವನ್ನೇ ಗೊತ್ತುಮಾಡಿದರು. ಹೀಗೆ ಪ್ರಾರಂಭದಲ್ಲಿಯೇ ಸಂಪಾದಕನ ಕಲ್ಪನೆಗೂ ಹಣ ಹಾಕುವವನ ಅಂದಾಜಿಗೂ ಅಂತರ ಕಾಣಿಸಿತು. ಆ ಕಿರಿಯ ಆಕಾರದಲ್ಲಿಯೇ, 1966ರಿಂದ, ಬ್ಯಾಲಾರ್ಡನ ಖಂಡಖಂಡವಾದ, ಕಥಾಸೂತ್ರವನ್ನು ಬೇಕೆಂದೇ ಕಡಿದುಹಾಕಿದ ರಚನೆಗಳು ಬೆಳಕಿಗೆ ಬಂದುವೆಂಬುದನ್ನು ಮರೆಯಲಾಗದು. ಆದ್ದರಿಂದ ಹಣವೇ ಸಾಹಿತ್ಯವನ್ನು ಸೃಷ್ಟಿಸುತ್ತದೆಂಬ ಸ್ಥೂಲವಾದವನ್ನು ನಾವು ಮಂಡಿಸುತ್ತಿಲ್ಲ. ಹಣ ಮಾಡುವುದು ಬೇರೊಂದನ್ನು: ಯಾವ ಪ್ರಯೋಗ ಎಷ್ಟು ಕಾಲ ಎಷ್ಟು ಜನರ ಕಣ್ಣಿಗೆ ಬಿದ್ದೀತೆಂಬುದನ್ನು ಅದು ನಿರ್ಣಯಿಸುತ್ತದೆ.

1966ರಲ್ಲಿ ಪ್ರಕಾಶಕರ ಪ್ರತಿಗಳನ್ನು ಅಂಗಡಿಗಳಿಗೆ ಹಂಚುತ್ತಿದ್ದ ಸಂಸ್ಥೆ ದಿವಾಳಿಯಾಯಿತು. ಅದರಿಂದ ಬರಬೇಕಾಗಿದ್ದ ಬಾಕಿ ಮುಳುಗಿದುದರಿಂದ, ಪ್ರಕಾಶಕರು ಹೆಚ್ಚು ಲಾಭವಿಲ್ಲದ ಪತ್ರಿಕೆಗಳನ್ನು ನಿಲ್ಲಿಸಲು ನಿಶ್ಚಯಿಸಿದರು. ಇಲ್ಲಿ ಲೇಖಕರ ದೋಷವೂ ಇರಲಿಲ್ಲ, ಸಂಪಾದಕನ ದೋಷವೂ ಇರಲಿಲ್ಲ. ನಡುವಿನ ಒಂದು ಕೊಂಡಿ ಕಳಚಿತು, ಅಷ್ಟೆ. ಆಗ ಬ್ರಯನ್ ಆಲ್ಡಿಸ್ ಮುಂದೆ ಬಂದು, ಬ್ರಿಟನ್ನಿನ ಕಲಾಮಂಡಲಿಯಾದ ಆರ್ಟ್ಸ್ ಕೌನ್ಸಿಲಿನಿಂದ ಸಂಚಿಕೆಯೊಂದಕ್ಕೆ 150 ಪೌಂಡುಗಳಂತೆ ಸಹಾಯಧನ ದೊರೆಯುವಂತೆ ಮಾಡಿದನು. ಅಗ್ಗದ ಮನೋರಂಜನೆಯೆಂದು ವಿದ್ವಾಂಸರು ದೂರವಿಟ್ಟಿದ್ದ ಪ್ರಕಾರಕ್ಕೆ ಸಾರ್ವಜನಿಕ ಧನ ದೊರೆತದ್ದು ಸಣ್ಣ ಸಂಗತಿಯಲ್ಲ. 1967ರ ಜುಲೈ ಸಂಚಿಕೆಯಿಂದ, ಮೂರ್‌ಕಾಕ್ ಮೂರು ವರ್ಷ ಹಿಂದೆ ಬಯಸಿದ್ದ ದೊಡ್ಡ ಆಕಾರದಲ್ಲಿ ಪತ್ರಿಕೆ ಹೊರಬಿತ್ತು.

ಆ ಸಹಾಯಧನದಿಂದ ಸಾಹಿತ್ಯಕ್ಕೆ ಏನು ಲಾಭವಾಯಿತು? ಜುಲೈ ಸಂಚಿಕೆಯೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಪಮೆಲಾ ಝೋಲಿನ್ ಎಂಬ ಚಿತ್ರಕಲಾವಿದೆಯ ‘ದಿ ಹೀಟ್ ಡೆತ್ ಆಫ್ ದಿ ಯೂನಿವರ್ಸ್’ ಎಂಬ ಕಥೆ ಇದೆ. ಕ್ಯಾಲಿಫೋರ್ನಿಯಾದ ಒಬ್ಬ ಗೃಹಿಣಿಯ ಒಂದು ದಿನವನ್ನು, ಮಕ್ಕಳ ಉಪಾಹಾರ, ಮನೆ ಗುಡಿಸುವುದು, ಹುಟ್ಟುಹಬ್ಬದ ಗಲಾಟೆ ಇವುಗಳನ್ನು, 54 ಅಂಕಿತ ಪರಿಚ್ಛೇದಗಳಲ್ಲಿ ಹೇಳುತ್ತ, ನಡುನಡುವೆ ವಿಶ್ವದ ಶಾಖಶಕ್ತಿಯೆಲ್ಲ ಸಮವಾಗಿ ಹರಡಿ ಚಲನೆಯೇ ನಿಲ್ಲುವುದೆಂಬ ಭೌತಶಾಸ್ತ್ರದ ವಿಚಾರವನ್ನು ಲೇಖಕಿ ಸೇರಿಸುತ್ತಾಳೆ. ಆಕಾಶನೌಕೆಯಿಲ್ಲ, ಅನ್ಯಗ್ರಹದ ಜೀವಿಯಿಲ್ಲ, ಅಡಿಗೆಮನೆಯೇ ಬ್ರಹ್ಮಾಂಡ. ಎಷ್ಟು ಸಲ ಒಪ್ಪ ಮಾಡಿದರೂ ಮತ್ತೆ ಅಸ್ತವ್ಯಸ್ತವಾಗುವ ಮನೆಯ ಅನುಭವವೂ ವಿಜ್ಞಾನದ ನಿಯಮವೂ ಒಂದನ್ನೊಂದು ಬೆಳಗಿಸುತ್ತವೆ. ಈ ಕಥೆಯನ್ನು ಸಣ್ಣ ಆಕಾರದಲ್ಲಿಯೂ ಅಚ್ಚುಹಾಕಬಹುದಾಗಿತ್ತು, ನಿಜ. ಆದರೆ ರಾಕೆಟ್ಟಿನ ಚಿತ್ರವನ್ನು ನೋಡಿ ಕೊಳ್ಳುವ ಗಿರಾಕಿಯನ್ನೇ ನಂಬಿಕೊಂಡ ಪತ್ರಿಕೆ ಇಂಥ ಕಥೆಯನ್ನು ಆರಿಸಿಕೊಳ್ಳಲು ಹಿಂಜರಿಯುತ್ತಿದ್ದಿತು. ಸಹಾಯಧನ ಕೊಂಡುಕೊಟ್ಟದ್ದು ಕಾಗದವನ್ನಲ್ಲ, ಈ ಧೈರ್ಯವನ್ನು.

ಕವಿತೆಯ ವಿಷಯದಲ್ಲಿಯೂ ಹೀಗೆಯೇ. ವ್ಯಾಪಾರೀ ಪತ್ರಿಕೆಗಳಲ್ಲಿ ಕಥೆ ಮುಗಿದು ಪುಟದ ಕೆಳಗೆ ಉಳಿದ ಜಾಗವನ್ನು ತುಂಬುವುದೇ ಎಷ್ಟೋ ವೇಳೆ ಕವಿತೆಯ ಕೆಲಸ. ‘ನ್ಯೂ ವರ್ಲ್ಡ್ಸ್’ ಅದಕ್ಕೆ ಸ್ವಂತ ಪುಟವನ್ನು ಕೊಟ್ಟಿತು. ಮುಂದೆ 1981ರಲ್ಲಿ ‘ದಿ ವೈಟ್ ಹೋಟೆಲ್’ ಕಾದಂಬರಿಯಿಂದ ಪ್ರಸಿದ್ಧನಾದ ಡಿ. ಎಂ. ಥಾಮಸ್ ಈ ಪುಟಗಳಲ್ಲಿ ಕವಿಯಾಗಿ ಕಾಣಿಸಿಕೊಂಡವನು. ಅದೇ 1967ರಲ್ಲಿ ಧಾರಾವಾಹಿಯಾಗಿ ಬಂದ ಥಾಮಸ್ ಡಿಶ್‌ನ ‘ಕ್ಯಾಂಪ್ ಕಾನ್‌ಸಂಟ್ರೇಷನ್’ ಕಾದಂಬರಿಯ ನಾಯಕನೂ ಕವಿಯೇ: ಯುದ್ಧಕ್ಕೆ ಹೋಗಲು ಒಪ್ಪದೆ ಸೆರೆಯಾಗಿ, ಬುದ್ಧಿಯನ್ನು ಬೆಳೆಸಿ ಪ್ರಾಣವನ್ನು ತೆಗೆಯುವ ರೋಗದ ಪ್ರಯೋಗಕ್ಕೆ ಸಾಕ್ಷಿಯಾಗುವವನು. ಕವಿತೆಗೂ ಊಹಾಪ್ರಧಾನ ಕಥೆಗೂ ನೆಂಟಸ್ತಿಕೆಯಿದೆಯೆಂಬುದನ್ನು ಪತ್ರಿಕೆ ಸಂಪಾದಕೀಯದ ಘೋಷಣೆಯಿಂದ ಮಾತ್ರವಲ್ಲದೆ ಕೃತಿಗಳ ಆಯ್ಕೆಯಿಂದ ತೋರಿಸಿತು. ಎಲ್ಲ ಸಂಚಿಕೆಗಳೂ ಈ ಮಟ್ಟದವೆಂದಲ್ಲ. ಹೊಸತನವೊಂದನ್ನು ಬಿಟ್ಟರೆ ಬೇರೆ ಗುಣವಿಲ್ಲದ ಚಿತ್ರಜೋಡಣೆಗಳೂ, ಮಿತ್ರಮಂಡಲಿಯ ಹೊರಗಿನವರಿಗೆ ಅರ್ಥವಾಗದ ವಿನೋದಗಳೂ ಅಲ್ಲಿ ಉಂಟು. ಮಾರುಕಟ್ಟೆಯ ಅಂಕುಶ ತಪ್ಪಿದಾಗ ಆತ್ಮವಿಮರ್ಶೆಯ ಅಂಕುಶ ಬಿಗಿಯಾಗಬೇಕು; ಅದು ಯಾವಾಗಲೂ ಆಗಲಿಲ್ಲ.

ಇನ್ನು 1968ರ ಪ್ರಸಂಗ. 1967ರ ಕೊನೆಯಿಂದ ನಾರ್ಮನ್ ಸ್ಪಿನ್‌ರಾಡ್‌ನ ‘ಬಗ್ ಜ್ಯಾಕ್ ಬ್ಯಾರನ್’ ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದಿತು. ದೂರದರ್ಶನದ ನಿರೂಪಕನೊಬ್ಬ, ಅಮರತ್ವವನ್ನು ತನ್ನ ಸ್ವತ್ತಾಗಿಸಿಕೊಳ್ಳಹೊರಟ ಧನಿಕನೊಬ್ಬನನ್ನು ಎದುರಿಸುವ ಕಥೆ ಅದು. ಭಾಷೆ ಬಿರುಸು, ಶೃಂಗಾರ ಬಿಚ್ಚುಬಿಚ್ಚು. 1968ರ ಮಾರ್ಚ್ ಸಂಚಿಕೆಯನ್ನು ಮಾರಲು ಡಬ್ಲ್ಯು. ಎಚ್. ಸ್ಮಿತ್ ಮತ್ತು ಜಾನ್ ಮೆನ್ಜೀಸ್ ಎಂಬ ಎರಡು ದೊಡ್ಡ ಮಾರಾಟಸಂಸ್ಥೆಗಳು ನಿರಾಕರಿಸಿದುವು. ಸ್ಮಿತ್ ಸಂಸ್ಥೆ 1848ರಿಂದ ರೈಲ್ವೆ ನಿಲ್ದಾಣಗಳಲ್ಲಿ ಪುಸ್ತಕದ ಮಳಿಗೆಗಳನ್ನು ನಡೆಸಿಕೊಂಡು ಬಂದಿದ್ದುದು. ಅದು ಬೇಡವೆಂದರೆ ದೇಶದ ಬಹುಭಾಗಕ್ಕೆ ಪತ್ರಿಕೆ ಇಲ್ಲವೆಂದೇ ಅರ್ಥ. ಇಂಥ ಪತ್ರಿಕೆಗೆ ಸಾರ್ವಜನಿಕ ಧನವನ್ನು ಕೊಟ್ಟದ್ದೇಕೆಂದು ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೂ ಎದ್ದಿತು.

ಇತಿಹಾಸದ ವಿದ್ಯಾರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1960ರಲ್ಲಿ ಲಾರೆನ್ಸನ ‘ಲೇಡಿ ಚಾಟರ್ಲಿಸ್ ಲವರ್’ ಕಾದಂಬರಿಯ ಪ್ರಕಾಶಕರು ನಿರ್ದೋಷಿಗಳೆಂದು ನ್ಯಾಯಾಲಯ ತೀರ್ಪುಕೊಟ್ಟಿದ್ದಿತು. ಇದೇ 1968ರಲ್ಲಿ, ನಾಟಕಗಳನ್ನು ಮುಂಚಿತವಾಗಿ ಓದಿ ಅನುಮತಿ ಕೊಡುವ ಲಾರ್ಡ್ ಚೇಂಬರ್ಲೇನನ ಹಳೆಯ ಅಧಿಕಾರವನ್ನು ಶಾಸನದಿಂದ ರದ್ದುಮಾಡಲಾಯಿತು. ಅಂದರೆ ರಾಜ್ಯವು ಕತ್ತರಿಯನ್ನು ಕೆಳಗಿಡುತ್ತಿದ್ದ ವರ್ಷದಲ್ಲಿಯೇ ಅಂಗಡಿ ಬಾಗಿಲನ್ನು ಮುಚ್ಚಿತು. ಇದನ್ನು ನಿಷೇಧವೆನ್ನುವುದು ತಪ್ಪಾದೀತು. ಯಾವ ಅಂಗಡಿಯವನಿಗಾದರೂ ತನಗೆ ಬೇಡವಾದ ಸರಕನ್ನು ಇಡದಿರುವ ಹಕ್ಕುಂಟು. ಆದರೆ ದೇಶಕ್ಕೆಲ್ಲ ಎರಡೇ ದೊಡ್ಡ ಅಂಗಡಿಗಳಿದ್ದಾಗ ಆ ಹಕ್ಕಿಗೂ ನಿಷೇಧಕ್ಕೂ ವಾಚಕನ ಪಾಲಿಗೆ ಎಷ್ಟು ವ್ಯತ್ಯಾಸ ಉಳಿಯುತ್ತದೆ? ನ್ಯಾಯಾಲಯದ ನಿಷೇಧಕ್ಕಾದರೋ ವಾದವುಂಟು, ತೀರ್ಪುಂಟು, ಮೇಲ್ಮನವಿಯುಂಟು. ಅಂಗಡಿಯ ನಿರಾಕರಣೆಗೆ ಅವಾವುವೂ ಇಲ್ಲ.

ಸಹಾಯಧನ ಖರ್ಚಿನ ಒಂದು ಭಾಗವನ್ನು ಮಾತ್ರ ಹೊತ್ತಿದ್ದುದರಿಂದ ಉಳಿದುದನ್ನು ಮೂರ್‌ಕಾಕ್ ತಾನೇ ಹೊರಬೇಕಾಯಿತು. ಅದಕ್ಕಾಗಿ ಅವನು ಖಡ್ಗವೀರರ ಅದ್ಭುತಕಥೆಗಳನ್ನು, ಒಂದೊಂದು ಪುಸ್ತಕವನ್ನು ಮೂರೇ ದಿನಗಳಲ್ಲಿ ಮುಗಿಸುತ್ತ, ಬರೆದುಬರೆದು ಹಾಕಿದನು. ‘ಹಾಕ್‌ಮೂನ್’ ಮಾಲೆಯ ಪುಸ್ತಕಗಳು ಇಂಥವು. ಸಿದ್ಧ ಅಚ್ಚಿನ ಕಥೆಗಳನ್ನು ತಿರಸ್ಕರಿಸಿದ ಪತ್ರಿಕೆ ಬದುಕಿದ್ದು ಸಿದ್ಧ ಅಚ್ಚಿನ ಕಥೆಗಳ ಸಂಭಾವನೆಯಿಂದ! ಇದನ್ನು ಕಪಟವೆಂದು ನಾವು ಹೇಳಲಾರೆವು. ಹಗಲೆಲ್ಲ ಒಡೆಯನ ಹೊಲವನ್ನು ಉತ್ತು, ಬೆಳುದಿಂಗಳಲ್ಲಿ ತನ್ನ ತುಂಡುಭೂಮಿಯನ್ನು ಉಳುವ ರೈತನ ಸ್ಥಿತಿ ಅದು. ಆದರೆ ಒಬ್ಬನ ದೇಹಶ್ರಮವನ್ನೇ ಆಧಾರವಾಗಿ ನಂಬಿದ ಸಂಸ್ಥೆ ಸಂಸ್ಥೆಯಲ್ಲ. ಮುದ್ರಣದ ಸಾಲ ಬೆಳೆಯಿತು. 1970ರ ಏಪ್ರಿಲಿನಲ್ಲಿ 200ನೆಯ ಸಂಚಿಕೆಯೊಡನೆ ಅಂಗಡಿಯ ಮಾರಾಟ ನಿಂತಿತು. ಚಂದಾದಾರರಿಗಾಗಿ 1971ರಲ್ಲಿ ಇನ್ನೊಂದು ಸಂಚಿಕೆ ಬಂದಿತು. ಅನಂತರ ಅದೇ ಹೆಸರು 1976ರವರೆಗೆ ಪುಸ್ತಕಮಾಲೆಯಾಗಿ ಉಳಿಯಿತು. ಮುಂದೆಯೂ ಆಗೊಮ್ಮೆ ಈಗೊಮ್ಮೆ ತಲೆದೋರಿತು.

1982ರಲ್ಲಿ ಬ್ರಿಟನ್ನಿನಲ್ಲಿ ‘ಇಂಟರ್‌ಜೋನ್’ ಎಂಬ ಇದೇ ಬಗೆಯ ಪತ್ರಿಕೆ ಪ್ರಾರಂಭವಾದಾಗ, ಅದರ ಹೊಣೆಯನ್ನು ಒಬ್ಬ ಸಂಪಾದಕನಲ್ಲ, ಎಂಟು ಮಂದಿಯ ಮಂಡಲಿ ಹೊತ್ತಿತು. ‘ನ್ಯೂ ವರ್ಲ್ಡ್ಸ್’ ಕುರಿತು ಗ್ರಂಥ ಬರೆದ ಗ್ರೀನ್‌ಲ್ಯಾಂಡ್ ಅವರೂ ಆ ಎಂಟು ಮಂದಿಯಲ್ಲಿ ಒಬ್ಬರೆಂಬುದು ಗಮನಾರ್ಹ. ಹಿಂದಿನವರು ಬಿದ್ದ ಸ್ಥಳವನ್ನು ಚೆನ್ನಾಗಿ ಬಲ್ಲವರು ಹೊರೆಯನ್ನು ಹಂಚಿಕೊಂಡು ಹೊರಟರೆಂದು ಊಹಿಸುವುದು ಅಯುಕ್ತವಾಗಲಾರದು.

ಈ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಸಣ್ಣ ಪತ್ರಿಕೆಯ ಸ್ವಾತಂತ್ರ್ಯ ಸಂಪಾದಕನ ಮೇಜಿನ ಮೇಲೆ ಹುಟ್ಟುತ್ತದೆ. ಆದರೆ ಅದರ ಆಯುಸ್ಸು ನಿರ್ಧಾರವಾಗುವುದು ಅಚ್ಚುಕೂಟದ ಬಾಕಿಯಲ್ಲಿ, ಹಂಚುವವನ ಗೋದಾಮಿನಲ್ಲಿ, ಅಂಗಡಿಯ ಹಲಗೆಯ ಮೇಲೆ. ಧನಸಹಾಯ ಮಾಡುವವರು ಮುದ್ರಣಕ್ಕೆ ಕೊಟ್ಟು ವಿತರಣೆಯನ್ನು ಮರೆತರೆ ಅರ್ಧ ಸೇತುವೆಯನ್ನು ಕಟ್ಟಿದಂತೆ. ಸಾಹಿತ್ಯಚರಿತ್ರಕಾರನಾದರೂ ಅಷ್ಟೆ: ಸಂಚಿಕೆಗಳನ್ನು ಓದಿ, ಲೆಕ್ಕಪತ್ರಗಳನ್ನು ಬಿಟ್ಟರೆ ಅರ್ಧ ಚರಿತ್ರೆಯನ್ನೇ ಬರೆಯುತ್ತಾನೆ.

ಕೆಲವು ವರ್ಷಗಳ ಹಿಂದೆ ನಾವೂ ಇಬ್ಬರು ಮಿತ್ರರೊಡನೆ ಒಂದು ತ್ರೈಮಾಸಿಕವನ್ನು ನಡೆಸಿದೆವು. ಐದನೆಯ ಸಂಚಿಕೆಗೆ ಅದು ನಿಂತಿತು. ಏಕೆ ನಿಂತಿತೆಂದು ವಿದ್ಯಾರ್ಥಿಯೊಬ್ಬ ಈಚೆಗೆ ಕೇಳಿದಾಗ, ಓದುವ ಅಭಿರುಚಿ ಕಡಮೆಯಾಯಿತೆಂದು ಉತ್ತರ ಕೊಟ್ಟೆವು. ಮನೆಗೆ ಬಂದು ಹುಡುಕಿದರೆ ಐದು ಸಂಚಿಕೆಗಳೂ ಜೋಪಾನವಾಗಿದ್ದುವು. ಲೆಕ್ಕದ ಪುಸ್ತಕ ಸಿಕ್ಕಲಿಲ್ಲ. ಎಷ್ಟು ಪ್ರತಿ ಅಚ್ಚಾದುವು, ಎಷ್ಟು ಕಟ್ಟು ಬಿಚ್ಚದೆ ಹಿಂದಿರುಗಿದುವು ಎಂಬುದು ತಿಳಿಯದೆ ವಾಚಕರ ಅಭಿರುಚಿಯನ್ನು ದೂರುವ ಅಧಿಕಾರ ನಮಗಿರಲಿಲ್ಲ. ನಿಯತಕಾಲಿಕಗಳನ್ನು ಕುರಿತು ಸಂಶೋಧನೆ ಕೈಕೊಳ್ಳುವ ನಮ್ಮ ವಿದ್ಯಾರ್ಥಿಗಳು ಹಳೆಯ ಸಂಪಾದಕರ ಮನೆಗಳಿಗೆ ಹೋದಾಗ ಸಂಚಿಕೆಗಳ ಜೊತೆಗೆ ಚಂದಾದಾರರ ಪಟ್ಟಿಯನ್ನೂ ಅಚ್ಚುಕೂಟದ ರಸೀದಿಗಳನ್ನೂ ಕೇಳಿ ಪಡೆಯಲಿ ಎಂಬುದು ನಮ್ಮ ಬಿನ್ನಹ. ಗೆದ್ದಲು ಮೊದಲು ಹಿಡಿಯುವುದು ಅವುಗಳನ್ನೇ.